ಹಳೇ ಫ್ರೇಮಿಗೆ ಹೊಸ ಗೇರು: 26 ಇಂಚಿನ ಎಂಟಿಬಿ ಇಟ್ಟುಕೊಂಡವರಿಗೆ

1990ರ ದಶಕದ ಒಳ್ಳೆಯ ಉಕ್ಕಿನ ಮೌಂಟನ್ ಬೈಕ್ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಅದನ್ನು ಗುಜರಿಗೆ ಹಾಕಬೇಡಿ. ಕ್ರೋಮೋಲಿ ಕೊಳವೆಗಳನ್ನು ಬೆಸೆದು ಮಾಡಿದ ಫ್ರೇಮು ತುಕ್ಕಿನಿಂದ, ಪೆಟ್ಟಿನಿಂದ ಬಚಾವಾಗಿದ್ದರೆ ಮೂವತ್ತು ವರ್ಷ ಕಳೆದರೂ ಗಟ್ಟಿಯಾಗಿಯೇ ಇರುತ್ತದೆ. ಹಾಳಾಗುವುದು ಟೈರು, ಬ್ರೇಕ್ ಶೂ, ಕೇಬಲ್, ಚೈನು, ಬೇರಿಂಗಿನೊಳಗಿನ ಗ್ರೀಸು. ಇವೆಲ್ಲ ಬದಲಾಯಿಸುವುದಕ್ಕೆಂದೇ ಇರುವ ವಸ್ತುಗಳು. ಹಾಗಂತ ಸಿಕ್ಕಿದ್ದನ್ನೆಲ್ಲ ಬದಲಾಯಿಸುತ್ತ ಹೋದರೆ ಹೊಸ ಸೈಕಲ್ಲಿನ ದುಡ್ಡು ಖರ್ಚಾಗಿ ಕೈಯಲ್ಲಿ ಅರ್ಧ ಹಳೆಯ ಸೈಕಲ್ ಉಳಿಯುತ್ತದೆ. ನನ್ನ ಲೆಕ್ಕ ಹೀಗೆ: ಮೊದಲ ಖರ್ಚು ನೆಲ ಮುಟ್ಟುವ ಟೈರಿಗೆ, ಆಮೇಲೆ ಗಾಡಿ ನಿಲ್ಲಿಸುವ ಬ್ರೇಕಿಗೆ, ನಂತರ ಗೇರಿಗೆ ಮತ್ತು ಕೈ ಹಿಡಿಯುವ ಹ್ಯಾಂಡಲ್ಲಿಗೆ. ಸಸ್ಪೆನ್ಷನ್ ಫೋರ್ಕು ಎಲ್ಲಕ್ಕಿಂತ ಕೊನೆಗೆ. ಬಹುಪಾಲು ಸೈಕಲ್ಲುಗಳಿಗೆ ಅದು ಬೇಕಾಗುವುದೇ ಇಲ್ಲ.

ಹಳೆಯ ಫ್ರೇಮಿಗೆ ಹೊಸ ಭಾಗ ಜೋಡಿಸುವುದನ್ನು ಕೆಲವರು ಅಪಚಾರವೆಂದುಕೊಳ್ಳುತ್ತಾರೆ. ಮೌಂಟನ್ ಬೈಕ್ ಹುಟ್ಟಿದ್ದೇ ಹಾಗೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು 1930–40ರ ದಶಕದ ಭಾರವಾದ ಶ್ವಿನ್ ಸೈಕಲ್ಲುಗಳನ್ನು ಮೌಂಟ್ ಟಮಾಲ್ಪೈಸ್ ಬೆಟ್ಟದ ಮಣ್ಣುದಾರಿಗಳಲ್ಲಿ ಇಳಿಸುತ್ತಿದ್ದರು. 1974ರಲ್ಲಿ ಮರಿನ್‌ನಲ್ಲಿ ನಡೆದ ಒಂದು ಸೈಕ್ಲೋಕ್ರಾಸ್ ಸ್ಪರ್ಧೆಗೆ ಕ್ಯುಪರ್ಟಿನೊದಿಂದ ಬಂದಿದ್ದ ಕೆಲವು ಸವಾರರ ದಪ್ಪ ಟೈರಿನ ಹಳೇ ಸೈಕಲ್ಲುಗಳಲ್ಲಿ ಡಿರೇಲರ್ ಗೇರು ಇದ್ದವು. ಆ ಹೊತ್ತಿಗೇ ಮರಿನ್ ಸವಾರರಲ್ಲೊಬ್ಬರಾದ ಗ್ಯಾರಿ ಫಿಶರ್ ಕೂಡ ತಮ್ಮ ಹಳೇ ಶ್ವಿನ್‌ಗೆ ಗೇರು, ಡ್ರಮ್ ಬ್ರೇಕು, ಮೋಟರ್‌ಸೈಕಲ್ಲಿನ ಬ್ರೇಕ್ ಲಿವರ್ ಹಾಕಿಕೊಂಡರು. ಅದೇ ಗುಂಪಿನ ಜೋ ಬ್ರೀಜ್ ಈ ಸವಾರಿಗೆಂದೇ ಹೊಸ ಫ್ರೇಮು ಕಟ್ಟಿದ್ದು 1977ರಲ್ಲಿ. ಕಾರ್ಖಾನೆಯಿಂದ ದೊಡ್ಡ ಸಂಖ್ಯೆಯಲ್ಲಿ ಬಂದ ಸ್ಪೆಷಲೈಜ್ಡ್ ಸ್ಟಂಪ್‌ಜಂಪರ್ 1981ರದು. ಆದ್ದರಿಂದ ಹಳೇ ಫ್ರೇಮಿಗೆ ಹೊಸ ಗೇರು ಹಾಕುವಾಗ ಹಿಂಜರಿಯಬೇಕಾಗಿಲ್ಲ.

ದುಡ್ಡು ತೆಗೆಯುವ ಮುಂಚೆ ಫ್ರೇಮನ್ನು ಚೆನ್ನಾಗಿ ತೊಳೆದು, ಒರೆಸಿ, ಬಿಸಿಲಿಗೆ ಹಿಡಿದು ನೋಡಿ. ಹೆಡ್ ಟ್ಯೂಬಿನ ಕೆಳಗೆ ಡೌನ್ ಟ್ಯೂಬ್ ಸೇರುವ ಜಾಗದಲ್ಲಿ ಬಣ್ಣ ಗೀರಿನ ಹಾಗೆ ಬಿಟ್ಟಿದೆಯೇ, ಕೊಳವೆ ಕೆಳಮೈಯಲ್ಲಿ ಸಣ್ಣಗೆ ಉಬ್ಬಿದೆಯೇ ಎಂದು ಬೆರಳಾಡಿಸಿ. ಮುಂದಿನಿಂದ ಜೋರಾಗಿ ಗುದ್ದಿದ ಸೈಕಲ್ಲು ಅಲ್ಲೇ ಗುಟ್ಟು ಬಿಟ್ಟುಕೊಡುತ್ತದೆ. ಪೆಡಲ್ ಅಚ್ಚು ಕೂರುವ ಬಿ.ಬಿ. ಸುತ್ತ, ಹಿಂಚಕ್ರ ಕೂರುವ ಡ್ರಾಪ್‌ಔಟ್ ಬಳಿ, ಸೀಟಿನ ಕ್ಲಾಂಪಿನ ಕೆಳಗೆ ಬಿರುಕು ಹುಡುಕಿ. ಉಕ್ಕಿನಲ್ಲಿ ಬಿರುಕಿದ್ದರೆ ತಿಳಿದವರು ಬೆಸುಗೆ ಹಾಕಿಕೊಡಬಹುದು. ಅಲ್ಯೂಮಿನಿಯಂ ಫ್ರೇಮಿನಲ್ಲಿ ಬಿರುಕು ಕಂಡರೆ ಅದನ್ನು ಅಲ್ಲಿಗೇ ಬಿಡಿ. ಮಂಗಳೂರು, ಉಡುಪಿ, ಕಾರವಾರದ ಕಡೆ ಇದ್ದ ಸೈಕಲ್ಲಾದರೆ ಹೊರಗಿನ ಬಣ್ಣ ನೋಡಿ ತೀರ್ಮಾನಿಸಬೇಡಿ. ಉಪ್ಪುಗಾಳಿ ಒಳಗಿನಿಂದ ತಿನ್ನುತ್ತದೆ. ಬಿ.ಬಿ. ಬಿಚ್ಚಿ, ಟಾರ್ಚ್ ಬಿಟ್ಟು ಕೊಳವೆಯ ಒಳಮೈ ನೋಡಬೇಕು.

ಇದೇ ಹೊತ್ತಿನಲ್ಲಿ ಸೀಟ್‌ಪೋಸ್ಟ್ ಹೊರಬರುತ್ತದೆಯೇ ನೋಡಿಕೊಳ್ಳಿ. ಉಕ್ಕಿನ ಕೊಳವೆಯೊಳಗೆ ಅಲ್ಯೂಮಿನಿಯಂ ಪೋಸ್ಟು ಗ್ರೀಸಿಲ್ಲದೆ ವರ್ಷಗಟ್ಟಲೆ ಕೂತಿದ್ದರೆ ಎರಡೂ ಕಚ್ಚಿಕೊಂಡಿರುತ್ತವೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದೆರಡು ದಿನ ಕಾದು ತಿರುಗಿಸಿ, ಸುತ್ತಿಗೆ ಹಿಡಿಯಬೇಡಿ. ಬಿ.ಬಿ. ಬಿಚ್ಚುವಾಗ ಇನ್ನೊಂದು ಎಚ್ಚರ: ಬಹುತೇಕ ಎಂಟಿಬಿಗಳಲ್ಲಿರುವ ಇಂಗ್ಲಿಷ್ ಥ್ರೆಡ್ಡಿನಲ್ಲಿ ಚೈನಿನ ಬದಿಯ ಕಪ್ಪು ಉಲ್ಟಾ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಎಡ ಪೆಡಲ್ಲೂ ಹಾಗೆಯೇ.

ಈಗ ಅಳತೆ. ವರ್ನಿಯರ್ ಕ್ಯಾಲಿಪರ್ ಒಂದಿದ್ದರೆ ಅರ್ಧ ಗೊಂದಲ ಮುಗಿಯಿತು. ಹಿಂದಿನ ಡ್ರಾಪ್‌ಔಟ್‌ಗಳ ಒಳಮೈಯಿಂದ ಒಳಮೈಗೆ ಅಳೆಯಿರಿ. 135 ಮಿ.ಮೀ. ಬಂದರೆ ನಿಮ್ಮ ಅದೃಷ್ಟ. ಇವತ್ತೂ ಸಿಗುವ ಕ್ವಿಕ್ ರಿಲೀಸ್ ಹಬ್ಬುಗಳೆಲ್ಲ ಕೂರುತ್ತವೆ. 1980ರ ದಶಕದ ಫ್ರೇಮಾದರೆ 126 ಅಥವಾ 130 ಇರಬಹುದು. ಉಕ್ಕಿನ ಫ್ರೇಮಾದರೆ ಅನುಭವಿ ಮೆಕ್ಯಾನಿಕ್ ಅದನ್ನು ನಿಧಾನವಾಗಿ ಅಗಲಿಸಿ 135ಕ್ಕೆ ತಂದು ಡ್ರಾಪ್‌ಔಟ್‌ಗಳನ್ನು ನೇರ ಮಾಡಿಕೊಡಬಲ್ಲ, ಅಲ್ಯೂಮಿನಿಯಂ ಫ್ರೇಮಿಗೆ ಆ ಕೆಲಸ ಮಾಡಲೇಬಾರದು. ಹೊಸ ಎಂಟಿಬಿಗಳಲ್ಲಿರುವ 148 ಮಿ.ಮೀ. ಬೂಸ್ಟ್ ಹಬ್ಬಿನ ಆಸೆ ಬಿಡಿ. ಬಿ.ಬಿ. ಕೊಳವೆಯ ಅಗಲ 68 ಅಥವಾ 73 ಮಿ.ಮೀ. ಇರುತ್ತದೆ, ಎರಡಕ್ಕೂ ಇವತ್ತಿನ ಹೊರಗಪ್ಪಿನ ಕ್ರ್ಯಾಂಕ್ ಹಿಡಿಯುತ್ತದೆ. ಮುಂದಿನ ಸ್ಟಿಯರರ್ 1 ಇಂಚೋ 1⅛ ಇಂಚೋ ನೋಡಿ. 1990ರ ಆಸುಪಾಸಿನ ಕೆಲವು ಗ್ಯಾರಿ ಫಿಶರ್ ಸೈಕಲ್ಲುಗಳಲ್ಲಿ 1¼ ಇಂಚಿನದೂ ಇತ್ತು. ಅದಕ್ಕೆ ಹೆಡ್‌ಸೆಟ್ ಹುಡುಕುವುದು ಕಷ್ಟ. ಸೀಟ್‌ಪೋಸ್ಟ್ 27.2, 26.8, 26.4 ಹೀಗೆ ಬೇರೆಬೇರೆ. 0.2 ಮಿ.ಮೀ. ಸಣ್ಣದನ್ನು ಹಾಕಿ ಕ್ಲಾಂಪ್ ಬಿಗಿದರೆ ಫ್ರೇಮಿನ ಕಿವಿ ಸೊಟ್ಟಗಾಗುತ್ತದೆ.

ಟೈರಿನ ವಿಷಯಕ್ಕೆ ಬಂದರೆ ನಮ್ಮ ನಾಡಿನಲ್ಲಿ 26 ಇಂಚಿನವರಿಗೆ ಒಂದು ಅನುಕೂಲವಿದೆ. ಹೀರೊ ರೇಂಜರ್ ಕಾಲದಿಂದ ಊರೂರಿನಲ್ಲಿ ಎಂಟಿಬಿ ಆಕಾರದ ಸೈಕಲ್ಲುಗಳು ಓಡಾಡಿದ್ದರಿಂದ ತಾಲ್ಲೂಕು ಕೇಂದ್ರದ ಸೈಕಲ್ ಅಂಗಡಿಯಲ್ಲೂ 26 × 1.95 ಟೈರು, ಟ್ಯೂಬು ಸಿಗುತ್ತದೆ. ಕೊಳ್ಳುವಾಗ ಟೈರಿನ ಬದಿಯಲ್ಲಿ 559 ಎಂಬ ಅಂಕಿ ಇದೆಯೇ ನೋಡಿಕೊಳ್ಳಿ. ಲೇಡೀಸ್ ಸೈಕಲ್ಲುಗಳಿಗೆ ಬರುವ 26 × 1⅜ ಟೈರಿನ ಮೇಲೂ 26 ಎಂದೇ ಬರೆದಿರುತ್ತದೆ, ಆದರೆ ಅದರ ರಿಮ್ಮಿನ ಅಳತೆ 590 ಮಿ.ಮೀ. ಆ ಟೈರು ಎಂಟಿಬಿಯ ರಿಮ್ಮಿಗೆ ಕೂರುವುದಿಲ್ಲ. ಮ್ಯಾಕ್ಸಿಸ್, ಶ್ವಾಲ್ಬೆ, ಕಾಂಟಿನೆಂಟಲ್ ಕಂಪನಿಗಳ ಒಳ್ಳೆಯ 26 ಇಂಚಿನ ಟೈರುಗಳನ್ನು ಹುಡುಕಿ ತರಿಸಿಕೊಳ್ಳುವುದು ಸಾರ್ಥಕ. ಹಿಂದಿನವರು 1.9, 2.1 ಇಂಚಿನ ಗಟ್ಟಿ ಟೈರಿಗೆ ಕಲ್ಲಿನಂತೆ ಗಾಳಿ ತುಂಬುತ್ತಿದ್ದರು. ಇವತ್ತಿನ 2.25 ಇಂಚಿನ ಮೆತ್ತನೆಯ ರಬ್ಬರಿನ ಟೈರಿಗೆ 70 ಕೆ.ಜಿ. ತೂಕದವರು ಮಣ್ಣುದಾರಿಯಲ್ಲಿ 28ರಿಂದ 35 ಪಿಎಸ್‌ಐ ಇಟ್ಟರೆ ಸಾಕು. ಒಂದು ಹಳೇ ಸಸ್ಪೆನ್ಷನ್ ಫೋರ್ಕು ಕೊಡುವುದಕ್ಕಿಂತ ಹೆಚ್ಚಿನ ಹಿತ ಈ ಒಂದು ಬದಲಾವಣೆ ಕೊಡುತ್ತದೆ. ಟೈರಿನ ಎರಡೂ ಬದಿಗೆ ಫ್ರೇಮಿನಿಂದ 5–6 ಮಿ.ಮೀ. ಜಾಗ ಉಳಿಯಬೇಕು. ಮಲೆನಾಡಿನ ಕೆಸರಿನಲ್ಲಿ ಓಡಿಸುವವರು ಇನ್ನೂ ಸ್ವಲ್ಪ ಹೆಚ್ಚೇ ಬಿಡಿ, ಇಲ್ಲದಿದ್ದರೆ ಕೆಂಪು ಮಣ್ಣು ಮೆತ್ತಿಕೊಂಡು ಚಕ್ರವೇ ತಿರುಗದು. ಟ್ಯೂಬ್‌ಲೆಸ್ ಮಾಡಿಸುವ ಗೋಜು ಹಳೇ ರಿಮ್ಮಿಗೆ ಬೇಡ. ಟೈರಿನ ಅಂಚನ್ನು ಹಿಡಿದಿಟ್ಟುಕೊಳ್ಳುವ ಏಣು ಆ ರಿಮ್ಮುಗಳಲ್ಲಿ ಇರುವುದಿಲ್ಲ. ಮುಳ್ಳಿನ ದಾರಿಯಾದರೆ ಟ್ಯೂಬಿನೊಳಗೇ ಸೀಲೆಂಟ್ ಹಾಕಿಕೊಳ್ಳಿ.

ಬ್ರೇಕಿನ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. 1990ರ ದಶಕದ ಮೊದಲರ್ಧದ ಸೈಕಲ್ಲಿನಲ್ಲಿ ಕ್ಯಾಂಟಿಲಿವರ್ ಬ್ರೇಕ್ ಇರುತ್ತದೆ: ಎರಡು ತೋಳು, ನಡುವೆ ಅಡ್ಡತಂತಿ. ಸರಿಯಾಗಿ ಹೊಂದಿಸಿದರೆ ಅದು ಕೆಟ್ಟದ್ದಲ್ಲ, ಆದರೆ ಹೊಂದಿಸುವ ಕೈ ಈಗ ಅಪರೂಪ. ಶಿಮಾನೊ 1996ರ ಹೊತ್ತಿಗೆ ತಂದ ವಿ-ಬ್ರೇಕು ಅವೇ ಗೂಟಗಳ ಮೇಲೆ ಕೂರುತ್ತದೆ, ಅಗ್ಗ, ಹೊಂದಿಸುವುದು ಸುಲಭ, ಹಿಡಿತ ಜಾಸ್ತಿ. ಬ್ರೇಕಿನ ಜೊತೆಗೆ ಲಿವರನ್ನೂ ಬದಲಾಯಿಸಲೇಬೇಕು. ವಿ-ಬ್ರೇಕಿಗೆ ಹೆಚ್ಚು ಕೇಬಲ್ ಎಳೆಯುವ ಲಿವರ್ ಬೇಕು. ಹಳೇ ಲಿವರ್ ಹಾಗೆಯೇ ಉಳಿಸಿಕೊಂಡರೆ ಅದು ಹ್ಯಾಂಡಲ್ ಮುಟ್ಟಿಬಿಡುತ್ತದೆ. ಚಕ್ರ ಕಚ್ಚುವುದು, ಬಿಡುವುದು ನಿಮ್ಮ ಹಿಡಿತದಲ್ಲಿರುವುದಿಲ್ಲ. 1980ರ ದಶಕದ ಕೊನೆಯ ಕೆಲವು ಸೈಕಲ್ಲುಗಳಲ್ಲಿ ಹಿಂದಿನ ಬ್ರೇಕು ಬಿ.ಬಿ. ಹಿಂದೆ ಕೆಳಗಡೆ ಇರುತ್ತದೆ, ಯು-ಬ್ರೇಕು ಅದು. ಅದರ ಗೂಟದ ಜಾಗವೇ ಬೇರೆ, ವಿ-ಬ್ರೇಕ್ ಅಲ್ಲಿ ಹಿಡಿಯದು. ಒಳ್ಳೆಯ ಯು-ಬ್ರೇಕು, ಹೊಸ ಕೇಬಲ್ ಹಾಕಿಕೊಂಡು ತೃಪ್ತಿಪಡಬೇಕು.

ಬ್ರೇಕ್ ಶೂಗಳಲ್ಲಿ ಕೂಲ್-ಸ್ಟಾಪ್ ಕಂಪನಿಯ ನಸುಗೆಂಪು ಬಣ್ಣದ ಶೂ ಮಳೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ, ರಿಮ್ಮಿನ ಪುಡಿಯನ್ನು ಕಪ್ಪು ಶೂಗಳಷ್ಟು ಕಚ್ಚಿಕೊಳ್ಳುವುದಿಲ್ಲ. ರಿಮ್ಮಿನ ಬದಿ ಬೆರಳಿಗೆ ಹಳ್ಳ ಬಿದ್ದಂತೆ ಸಿಕ್ಕರೆ ರಿಮ್ಮು ಸವೆದಿದೆ ಎಂದರ್ಥ. ಹಾಗೆ ಸವೆದ ರಿಮ್ಮು ಗಾಳಿಯ ಒತ್ತಡಕ್ಕೆ ಬಿರಿಯಬಹುದು, ಅದು ಇಳಿಜಾರಿನಲ್ಲಿ ಆಗಬಾರದು. ಫ್ರೇಮಿನಲ್ಲಿ ಡಿಸ್ಕ್ ಬ್ರೇಕಿನ ಕಟ್ಟು ಇಲ್ಲದಿದ್ದರೆ ಡ್ರಾಪ್‌ಔಟ್‌ಗೆ ಅಡಾಪ್ಟರ್ ಸಿಕ್ಕಿಸಿ ಡಿಸ್ಕ್ ಹಾಕಿಸಬೇಡಿ. ಬ್ರೇಕಿನ ಬಲ ತಡೆಯಲೆಂದು ಆ ಕೊಳವೆಗಳನ್ನು ರೂಪಿಸಿರುವುದಿಲ್ಲ. ಮುಂದಿನ ಫೋರ್ಕಿನಲ್ಲಿ ಡಿಸ್ಕಿಗೆ ಜಾಗವಿದ್ದರೆ ಮುಂದೆ ಡಿಸ್ಕ್, ಹಿಂದೆ ವಿ-ಬ್ರೇಕ್ ಹಾಕಿ. ಗಾಡಿ ನಿಲ್ಲಿಸುವ ಬಹುಪಾಲು ಶಕ್ತಿ ಮುಂದಿನ ಬ್ರೇಕಿನದು, ಹಾಗಾಗಿ ಈ ಜೋಡಿ ನನಗೆ ತುಂಬ ಇಷ್ಟ.

ಗೇರು. ಹಳೇ ಎಂಟಿಬಿಯ ಮುಂದೆ ಮೂರು ಹಲ್ಲುಚಕ್ರ, ಹಿಂದೆ ಏಳೋ ಎಂಟೋ. ಈಗಿನ ರೂಢಿ ಮುಂದೆ ಒಂದೇ. 2012ರಲ್ಲಿ ಸ್ರ್ಯಾಮ್ ಕಂಪನಿ ತಂದ ಎಕ್ಸ್‌ಎಕ್ಸ್1ರಿಂದ ಇದು ಹಬ್ಬಿತು. ಹಲ್ಲುಗಳನ್ನು ಒಂದು ದಪ್ಪ ಒಂದು ಸಣ್ಣ ಮಾಡಿ ಚೈನು ಬೀಳದಂತೆ ನೋಡಿಕೊಂಡರು. ಹಿಂದಿನ ಡಿರೇಲರ್‌ಗೆ ಕ್ಲಚ್ ಕೂರಿಸಿ ಅದು ಕುಣಿಯದಂತೆ ಮಾಡಿದರು. ಹಳೇ ಫ್ರೇಮಿಗೆ ಇವೆರಡೂ ವರವೇ. ಕಲ್ಲುದಾರಿಯಲ್ಲಿ ಚೈನು ಫ್ರೇಮಿಗೆ ಬಡಿಯುವ ಸದ್ದು ನಿಂತಾಗ ಸೈಕಲ್ಲಿಗೆ ಹತ್ತು ವರ್ಷ ಕಡಿಮೆಯಾದಂತೆ ಅನ್ನಿಸುತ್ತದೆ.

ಇದಕ್ಕೆ ಹೊಸ ಕ್ರ್ಯಾಂಕ್ ಬೇಕಾಗಿಲ್ಲ. ಇರುವ ಕ್ರ್ಯಾಂಕಿನ ಹೊರಗಿನ ಮತ್ತು ಒಳಗಿನ ಚಕ್ರ ತೆಗೆದು, ನಡುವಿನ ಜಾಗಕ್ಕೆ 30 ಅಥವಾ 32 ಹಲ್ಲಿನ ದಪ್ಪ-ಸಣ್ಣ ಹಲ್ಲಿನ ಚಕ್ರವನ್ನು ಗಿಡ್ಡ ಬೋಲ್ಟುಗಳಿಂದ ಬಿಗಿದರೆ ಸಾಕು. ಬೋಲ್ಟುಗಳ ವೃತ್ತ 104 ಮಿ.ಮೀ. ಇರುವ ನಾಲ್ಕು ತೋಳಿನ ಕ್ರ್ಯಾಂಕಿಗೆ ಇಂಥ ಚಕ್ರಗಳು ಧಾರಾಳ, ಆದರೆ ಅದರಲ್ಲಿ ಸಾಮಾನ್ಯವಾಗಿ 32ಕ್ಕಿಂತ ಚಿಕ್ಕದು ಸಲೀಸಾಗಿ ಕೂರುವುದಿಲ್ಲ. ಐದು ತೋಳಿನ 110ಕ್ಕೆ ಇನ್ನೂ ದೊಡ್ಡದೇ ಬೇಕು. 94ಕ್ಕೆ ಹುಡುಕಾಡಬೇಕು.

ಹಿಂದೆ ಯಾವುದು ಕೂರುತ್ತದೆ ಎಂಬುದನ್ನು ಹಬ್ ತೀರ್ಮಾನಿಸುತ್ತದೆ. ಚಕ್ರಗುಚ್ಛವೇ ತಿರುಪಿನಂತೆ ಹಬ್ಬಿಗೆ ಸುತ್ತಿಕೊಂಡಿದ್ದರೆ ಅದು ಫ್ರೀವೀಲ್. ಆಗ ಹೊಸ ಹಿಂಚಕ್ರ ಕೊಳ್ಳುವುದೇ ಸರಿ. ಕ್ಯಾಸೆಟ್ ಹಬ್ಬಾದರೂ 7 ಸ್ಪೀಡಿನದು ಗಿಡ್ಡ, 8ರ ನಂತರದ್ದು ಉದ್ದ. ಉದ್ದದ್ದಿದ್ದರೆ 9, 10, 11 ಸ್ಪೀಡಿನ ಎಂಟಿಬಿ ಕ್ಯಾಸೆಟ್ಟುಗಳು ಅದೇ ಹಬ್ಬಿಗೆ ಕೂರುತ್ತವೆ: ಮೈಕ್ರೊಶಿಫ್ಟ್ ಅಡ್ವೆಂಟ್‌ನ 9 ಸ್ಪೀಡು 11–42, ಶಿಮಾನೊದ 11 ಸ್ಪೀಡು 11–42 ಅಥವಾ 11–46, 2023ರಲ್ಲಿ ಬಂದ ಶಿಮಾನೊ ಕ್ಯೂಸ್ ಸರಣಿ. ಹತ್ತು ಹಲ್ಲಿನಿಂದ ಶುರುವಾಗುವ 12 ಸ್ಪೀಡು ಬೇರೆ ಹಬ್ ಕೇಳುತ್ತದೆ. ನನ್ನ ಆಯ್ಕೆ 9 ಅಥವಾ 10 ಸ್ಪೀಡು. ಚೈನು ಗಟ್ಟಿ, ಬೆಲೆ ಕಡಿಮೆ, ಹಳೇ ಫ್ರೇಮಿನ ಡಿರೇಲರ್ ಕೊಕ್ಕೆ ಒಂದಿಷ್ಟು ಸೊಟ್ಟಗಿದ್ದರೂ ಸಹಿಸಿಕೊಳ್ಳುತ್ತದೆ. ಶಿಫ್ಟರ್, ಡಿರೇಲರ್ ಎರಡನ್ನೂ ಒಂದೇ ಕುಟುಂಬದಿಂದ ತನ್ನಿ. ಶಿಮಾನೊದ 9 ಸ್ಪೀಡಿನ ಡಿರೇಲರ್‌ಗೆ ಅವರದೇ 10 ಸ್ಪೀಡಿನ ಎಂಟಿಬಿ ಶಿಫ್ಟರ್ ಕೂಡಿಬರುವುದಿಲ್ಲ.

ಸಂಖ್ಯೆಯಲ್ಲಿ ನೋಡಿ. ಹಳೇ ಸೈಕಲ್ಲಿನ ಅತಿ ಹಗುರ ಗೇರು ಮುಂದೆ 22, ಹಿಂದೆ 28 ಆಗಿದ್ದರೆ ಅನುಪಾತ 0.79. ಮುಂದೆ 32, ಹಿಂದೆ 42 ಹಾಕಿದರೆ 0.76, ಮುಂದೆ ಮೂರು ಚಕ್ರ ಹೋಗಿ ಒಂದೇ ಉಳಿದರೂ ಏರು ಹತ್ತುವ ಶಕ್ತಿ ಕಡಿಮೆಯಾಗಲಿಲ್ಲ. ಕಳೆದುಕೊಳ್ಳುವುದು ಇನ್ನೊಂದು ತುದಿಯಲ್ಲಿ. ಹಳೆಯ 42–11ರಲ್ಲಿ ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ ಸುಮಾರು 38 ಕಿ.ಮೀ. ವೇಗ, 32–11ರಲ್ಲಿ 29. ಕಾಡುದಾರಿಗೆ 29 ಬೇಕಾದಷ್ಟಾಯಿತು. ಆಫೀಸಿಗೆ ಟಾರು ರಸ್ತೆಯಲ್ಲಿ ಹೋಗುವವರು ಮಾತ್ರ ಮುಂದಿನ ಎರಡೋ ಮೂರೋ ಚಕ್ರ ಉಳಿಸಿಕೊಳ್ಳಿ.

ಫೋರ್ಕಿನ ಬಗ್ಗೆ ಮೊದಲೇ ಹೇಳಿದೆ. ಕಾರಣ ಇದು: ಆ ಕಾಲದ ಫ್ರೇಮನ್ನು ಗಟ್ಟಿ ಫೋರ್ಕಿಗೋ 60–80 ಮಿ.ಮೀ. ಕುಸಿಯುವ ಸಸ್ಪೆನ್ಷನ್ನಿಗೋ ಲೆಕ್ಕ ಹಾಕಿ ಕಟ್ಟಿದ್ದಾರೆ. ಫೋರ್ಕು 20 ಮಿ.ಮೀ. ಉದ್ದವಾದರೆ ಹೆಡ್ ಟ್ಯೂಬಿನ ಕೋನ ಸುಮಾರು ಒಂದು ಡಿಗ್ರಿ ಹಿಂದಕ್ಕೆ ವಾಲುತ್ತದೆ, ಪೆಡಲ್ ಅಚ್ಚು ಮೇಲೇರುತ್ತದೆ, ಸೀಟು ಹಿಂದೆ ಸರಿಯುತ್ತದೆ. ಗಟ್ಟಿ ಫೋರ್ಕಿನ ಉದ್ದ 390–400 ಮಿ.ಮೀ. ಇರುವಲ್ಲಿ 470 ಮಿ.ಮೀ. ಆಸುಪಾಸಿನ 100 ಮಿ.ಮೀ. ಸಸ್ಪೆನ್ಷನ್ ಹಾಕಿದರೆ ಏರಿನಲ್ಲಿ ಮುಂಚಕ್ರ ನೆಲ ಬಿಡುತ್ತದೆ, ಹೆಡ್ ಟ್ಯೂಬಿನ ಬೆಸುಗೆಯ ಮೇಲೆ ಅದು ತಾಳಲಾರದ ಬಲ ಬೀಳುತ್ತದೆ. ಹೊಸ ಫೋರ್ಕುಗಳು ಕೆಳಗೆ 1.5 ಇಂಚಿಗೆ ಅಗಲವಾಗುವ ಸ್ಟಿಯರರ್‌ನವು, ಹಳೇ ಕೊಳವೆಯೊಳಗೆ ಹೋಗುವುದೂ ಇಲ್ಲ. ಇರುವ ಹಳೇ ಸಸ್ಪೆನ್ಷನ್ನಿನೊಳಗಿನ ರಬ್ಬರ್ ಗುಂಡುಗಳು ಪುಡಿಯಾಗಿದ್ದರೆ, ಅದೇ ಉದ್ದದ ಉಕ್ಕಿನ ಗಟ್ಟಿ ಫೋರ್ಕು ಹಾಕಿ ಮುಂದೆ ದಪ್ಪ ಟೈರು ಏರಿಸಿ. ತೂಕವೂ ಇಳಿಯುತ್ತದೆ.

ಹ್ಯಾಂಡಲ್ಲಿಗೆ ಇಷ್ಟು. ಆಗಿನವು 560–600 ಮಿ.ಮೀ. ಅಗಲ, ಸ್ಟೆಮ್ಮು 120–140 ಮಿ.ಮೀ. ಉದ್ದ. ಈಗಿನ ಸೈಕಲ್ಲುಗಳ 780 ಮಿ.ಮೀ. ಹ್ಯಾಂಡಲ್ಲನ್ನೂ 40 ಮಿ.ಮೀ. ಸ್ಟೆಮ್ಮನ್ನೂ ಹಾಗೆಯೇ ತಂದು ಹಾಕಿದರೆ ಹಳೇ ಗಿಡ್ಡ ಫ್ರೇಮಿನಲ್ಲಿ ಮಂಡಿ ಕೈಗೆ ತಾಗುತ್ತದೆ. 680–720ರ ಹ್ಯಾಂಡಲ್, 70–90ರ ಸ್ಟೆಮ್ ಹದವಾದ ಜೋಡಿ. ಹಳೇ ಥ್ರೆಡ್ಡಿನ ಹೆಡ್‌ಸೆಟ್ ಇದ್ದರೆ ಕ್ವಿಲ್ ಅಡಾಪ್ಟರ್ ಹಾಕಿ ಹೊಸ ಸ್ಟೆಮ್ ಹಿಡಿಸಬಹುದು: 1 ಇಂಚಿಗೆ 22.2 ಮಿ.ಮೀ., 1⅛ ಇಂಚಿಗೆ 25.4 ಮಿ.ಮೀ. ಕನಿಷ್ಠ ಆಳದ ಗೆರೆ ಒಳಗೆ ಮುಳುಗಿರಲೇಬೇಕು. ಸೀಟ್ ಟ್ಯೂಬ್ 27.2 ಆಗಿದ್ದು ಕೈಯಲ್ಲಿ ದುಡ್ಡಿದ್ದರೆ ಓಡಿಸುತ್ತಲೇ ಸೀಟು ಇಳಿಸಿ ಏರಿಸಬಹುದಾದ, ಕೇಬಲ್ ಹೊರಗಿಂದ ಬರುವ ಡ್ರಾಪರ್ ಪೋಸ್ಟ್ ಕೊಳ್ಳಿ. 1980ರ ದಶಕದಲ್ಲೇ ಜೋ ಬ್ರೀಜ್ ಮತ್ತು ಜಾಷ್ ಏಂಜೆಲ್ ಹೈಟ್-ರೈಟ್ ಎಂಬ ಸ್ಪ್ರಿಂಗು ಮಾಡಿ ಸೀಟು ಇಳಿಸಿ ಏರಿಸುವ ದಾರಿ ತೋರಿಸಿದ್ದರು. ಹಳೇ ಸೈಕಲ್ಲಿಗೆ ಸೀಟು ಇಳಿಯುವುದು ಹೊಸದಕ್ಕಿಂತ ಹೆಚ್ಚು ಮುಖ್ಯ.

ಯಾಕೆಂದರೆ ಸವಾರಿಯೇ ಬೇರೆ. ಆಗಿನ ಎಂಟಿಬಿಯ ಹೆಡ್ ಕೋನ 71 ಡಿಗ್ರಿ, ಈಗಿನ ಟ್ರೇಲ್ ಬೈಕುಗಳಲ್ಲಿ 65ರ ಆಸುಪಾಸು. ಹಳೆಯದರ ಮುಂಚಕ್ರ ನಿಮ್ಮ ಕೈಯ ಕೆಳಗೇ ಇರುತ್ತದೆ. ಏರಿನಲ್ಲಿ, ಕಾಫಿ ತೋಟದ ಸಂದುಗಳಲ್ಲಿ, ಮರಗಳ ನಡುವಿನ ತಿರುವಿನಲ್ಲಿ ಅದು ಹೇಳಿದ ಕಡೆ ತಕ್ಷಣ ತಿರುಗುತ್ತದೆ. ಆ ಚುರುಕು ಹೊಸ ಉದ್ದನೆಯ ಸೈಕಲ್ಲುಗಳಲ್ಲಿಲ್ಲ, ಅದಕ್ಕಾಗಿಯೇ ನಾನು ಹಳೆಯದನ್ನು ಪ್ರೀತಿಸುತ್ತೇನೆ. ಕಡಿದಾದ ಇಳಿಜಾರಿನಲ್ಲಿ ಅದೇ ಗುಣ ಮುಂದಕ್ಕೆ ಎಸೆಯಬಹುದು. ಸೀಟು ಇಳಿಸಿ, ಪೆಡಲ್ಲುಗಳನ್ನು ಸಮಕ್ಕೆ ತಂದು, ಹಿಮ್ಮಡಿ ಕೆಳಗೊತ್ತಿ, ಸೊಂಟ ಹಿಂದೆ ಸರಿಸಿ. ವೇಗವನ್ನು ಇಳಿಜಾರು ಶುರುವಾಗುವ ಮೊದಲೇ ಕಡಿಮೆ ಮಾಡಿಕೊಳ್ಳಿ. 26 ಇಂಚಿನ ಚಕ್ರ ಗುಂಡಿಗೆ ಬೇಗ ಬೀಳುತ್ತದೆ, 29 ಇಂಚಿನವರು ಉರುಳಿಸಿಕೊಂಡು ಹೋಗುವ ಕಲ್ಲನ್ನು ನೀವು ಮುಂಚಕ್ರ ಹಗುರ ಮಾಡಿ ದಾಟಿಸಬೇಕು. ಕಣ್ಣು ಚಕ್ರದ ಮೇಲಿರದೆ ದಾರಿಯ ಮುಂದಿರಲಿ. ನಂದಿಬೆಟ್ಟದಂಥ ಉದ್ದನೆಯ ಟಾರು ಇಳಿಜಾರಿನಲ್ಲಿ ರಿಮ್ ಬ್ರೇಕನ್ನು ಒತ್ತಿಹಿಡಿದೇ ಇಳಿದರೆ ರಿಮ್ಮು ಕಾದು ಟ್ಯೂಬು ಸಿಡಿಯುವುದುಂಟು. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ಆಮೇಲೆ ಪೂರ್ತಿ ಬಿಡಿ.

ನಮ್ಮಲ್ಲಿ ಓಡಾಡಿದ ಹಳೇ ಎಂಟಿಬಿಗಳಲ್ಲಿ ಕಾಟರ್ ಪಿನ್ನಿನ ಕ್ರ್ಯಾಂಕು, ಭಾರವಾದ ಸಾಧಾರಣ ಉಕ್ಕು ಇದ್ದವೇ ಬಹಳ. ಅವುಗಳಿಗೆ ದುಬಾರಿ ಗೇರು ಸುರಿಯುವುದು ಬೇಡ. ಹೊಸ ಬಾಲ್ಸು, ಗ್ರೀಸು, ಒಳ್ಳೆಯ ಟೈರು, ಒಳ್ಳೆಯ ಬ್ರೇಕ್ ಶೂ ಹಾಕಿದರೆ ಇನ್ನೊಂದು ತಲೆಮಾರು ಓಡುತ್ತವೆ. ಹಿಂದಿನ ಹಬ್ಬಿಗೆ ಕಾಲು ಇಂಚಿನ ಬಾಲ್ಸು, ಮುಂದಿನದಕ್ಕೆ 3/16.

ಜೋಡಣೆ ಮುಗಿಸಿ ಮೊದಲ ಒಂದೆರಡು ಸವಾರಿಯನ್ನು ಮನೆಯ ಹತ್ತಿರವೇ ಮಾಡಿ. ಹೊಸ ಕೇಬಲ್ ಕೂತುಕೊಂಡು ಗೇರು ಸ್ವಲ್ಪ ತಪ್ಪುತ್ತದೆ, ಬ್ಯಾರಲ್ ತಿರುಗಿಸಿ ಸರಿಮಾಡಿ. ಚೌಕ ಅಚ್ಚಿನ ಕ್ರ್ಯಾಂಕ್ ಬೋಲ್ಟನ್ನು 35–40 ನ್ಯೂಟನ್ ಮೀಟರ್‌ಗೆ ಮತ್ತೊಮ್ಮೆ ಬಿಗಿಯಿರಿ. ಸಡಿಲ ಬಿಟ್ಟರೆ ಕ್ರ್ಯಾಂಕಿನ ಚೌಕ ತೂತೇ ದುಂಡಗಾಗುತ್ತದೆ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿ, ಹೆಡ್‌ಸೆಟ್ಟಿನಲ್ಲಿ ಕಟಕಟ ಎನ್ನಬಾರದು. ಚೈನಿನ ಹನ್ನೆರಡು ಇಂಚನ್ನು ಪಿನ್ನಿನಿಂದ ಪಿನ್ನಿಗೆ ಸ್ಕೇಲಿನಲ್ಲಿ ಆಗಾಗ ಅಳೆಯಿರಿ, 1/16 ಇಂಚು ಹೆಚ್ಚಾದ ದಿನ ಚೈನು ಬದಲಾಯಿಸಿದರೆ ಕ್ಯಾಸೆಟ್ ಉಳಿಯುತ್ತದೆ. ಮಳೆಯಲ್ಲಿ ನೆನೆದು ಬಂದ ದಿನ ಸೀಟ್‌ಪೋಸ್ಟ್ ತೆಗೆದು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ. ಒಳಗಿನ ನೀರು ಬಸಿದು ಒಣಗಿದ ಮೇಲೆ ಪೋಸ್ಟಿಗೆ ಗ್ರೀಸು ಸವರಿ, ಮೊದಲಿನ ಎತ್ತರಕ್ಕೇ ಕೂರಿಸಿ.